ಸಾಲ ಬೆಳಗಾವಿಯಲ್ಲಿ, ವಾರಂಟ್ ಕೋಲ್ಕತ್ತದಿಂದ: ದುಡ್ಡಿನ ಅಪರಾಧಕ್ಕೆ ಊರು ಯಾವುದು?

2018ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ರೈತರ ಹೆಸರಿಗೆ ಬಂಧನ ವಾರಂಟ್‌ಗಳು ಬಂದವು. ಅವು ಬಂದದ್ದು ತಾಲ್ಲೂಕಿನ ಕೋರ್ಟಿನಿಂದಲ್ಲ, ಜಿಲ್ಲಾ ಕೋರ್ಟಿನಿಂದಲೂ ಅಲ್ಲ. ಕೋಲ್ಕತ್ತದ ಕೋರ್ಟಿನಿಂದ. ಸಾಲ ಕೊಟ್ಟದ್ದು ಒಂದು ಖಾಸಗಿ ಬ್ಯಾಂಕು. ರೈತರು ಕೊಟ್ಟಿದ್ದ ಚೆಕ್ ಬೌನ್ಸ್ ಆಗಿದೆ ಎಂಬುದು ದೂರು.

ಸಾಲ ಪಡೆದವರು ಇಲ್ಲಿಯವರು, ಹೊಲ ಇಲ್ಲಿಯದು, ಬೆಳೆ ಕೈಕೊಟ್ಟದ್ದೂ ಇಲ್ಲೇ. ಕೋಲ್ಕತ್ತ ಮಾತ್ರ ಎರಡು ಸಾವಿರ ಕಿಲೋಮೀಟರ್‌ನಷ್ಟು ದೂರ. ಒಂದು ತಾರೀಕಿಗೆ ಹೋಗಿ ಬರಲು ವಾರ ಬೇಕು. ಅಲ್ಲಿನ ಭಾಷೆ ಗೊತ್ತಿಲ್ಲ, ವಕೀಲರ ಪರಿಚಯವಿಲ್ಲ. ಸುದ್ದಿ ಹೊರಬಿದ್ದ ಮೇಲೆ ರಾಜ್ಯ ಸರ್ಕಾರ ಮಧ್ಯೆ ಬಂತು. ಬ್ಯಾಂಕು ಪ್ರಕರಣಗಳನ್ನು ಹಿಂದಕ್ಕೆ ಪಡೆಯಲು ಒಪ್ಪಿತು.

ವಾರಂಟ್ ವಾಪಸ್ ಆದರೂ ಒಂದು ಪ್ರಶ್ನೆ ಹಾಗೇ ಉಳಿಯಿತು. ಬೆಳಗಾವಿಯ ರೈತನ ಮೇಲೆ ಕೋಲ್ಕತ್ತದ ಕೋರ್ಟಿಗೆ ಅಧಿಕಾರ ಎಲ್ಲಿಂದ ಬಂತು? ಕಳ್ಳತನವಾದರೆ ಮನೆ ಯಾವ ಊರಿನಲ್ಲಿದೆಯೋ ಅಪರಾಧವೂ ಅದೇ ಊರಿನದು. ದುಡ್ಡಿನ ಅಪರಾಧಕ್ಕೆ ಹಾಗೊಂದು ಊರು ಇರುವುದಿಲ್ಲ. ಮಾತಾಡಿದವನು ಒಂದು ಊರಿನಲ್ಲಿ, ನಂಬಿದವನು ಇನ್ನೊಂದು ಊರಿನಲ್ಲಿ, ಬ್ಯಾಂಕು ಮೂರನೆಯ ಊರಿನಲ್ಲಿ. ಹಾಗಾದರೆ ಕೇಸು ನಡೆಯಬೇಕಾದದ್ದು ಎಲ್ಲಿ? ಈ ಪ್ರಶ್ನೆಗೆ ನಮ್ಮ ಕಾನೂನು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಹಳೆಯ ನಿಯಮ

ಬ್ರಿಟಿಷರ ಕಾಲದಲ್ಲಿ 1861ರಲ್ಲಿ ಮೊದಲ ದಂಡ ಪ್ರಕ್ರಿಯಾ ಸಂಹಿತೆ ಬಂತು. ಅದನ್ನು ತಿದ್ದಿ ತಿದ್ದಿ 1898ರಲ್ಲಿ ಹೊಸ ಸಂಹಿತೆ ಮಾಡಿದರು. ಅದರ 177ನೇ ಕಲಮಿನ ಮಾತು ಸರಳ: ಅಪರಾಧ ಯಾವ ಕೋರ್ಟಿನ ಸರಹದ್ದಿನೊಳಗೆ ನಡೆಯಿತೋ ಸಾಮಾನ್ಯವಾಗಿ ಆ ಕೋರ್ಟೇ ವಿಚಾರಣೆ ಮಾಡಬೇಕು. ಕಾರಣವೂ ಸರಳ. ಸಾಕ್ಷಿಗಳು ಅಲ್ಲೇ ಇರುತ್ತಾರೆ, ಸ್ಥಳ ಅಲ್ಲೇ ಇರುತ್ತದೆ, ಪೊಲೀಸರೂ ಅಲ್ಲಿಯವರೇ.

ಆ ವಾಕ್ಯದಲ್ಲಿರುವ ‘ಸಾಮಾನ್ಯವಾಗಿ’ ಎಂಬ ಮಾತನ್ನು ಗಮನಿಸಿ. ಅದರ ಹಿಂದೆ ಸಾಲುಸಾಲು ವಿನಾಯಿತಿಗಳಿವೆ. ಕೆಲಸ ಒಂದು ಕಡೆ ನಡೆದು ಅದರ ಪರಿಣಾಮ ಇನ್ನೊಂದು ಕಡೆ ಆದರೆ ಎರಡು ಕಡೆಯಲ್ಲಿ ಎಲ್ಲಾದರೂ ಕೇಸು ನಡೆಸಬಹುದು. ನಂಬಿ ಕೊಟ್ಟ ಹಣವನ್ನು ನುಂಗಿ ಹಾಕಿದರೆ, ಹಣ ಪಡೆದ ಊರಿನಲ್ಲೂ ನಡೆಸಬಹುದು, ಇಟ್ಟುಕೊಂಡ ಊರಿನಲ್ಲೂ ನಡೆಸಬಹುದು. ಹೀಗೆ ಒಂದೇ ಅಪರಾಧಕ್ಕೆ ಹಲವು ಬಾಗಿಲು ತೆರೆದವು. ಎಲ್ಲ ಬಾಗಿಲುಗಳೂ ಸಾಮಾನ್ಯ ಕೋರ್ಟಿನವೇ.

ಗೋವಾಕ್ಕೆ ಬಾರದ ಅಕ್ಕಿ

ಈ ನಿಯಮ ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಸ್ವಾತಂತ್ರ್ಯ ಬಂದ ಮೇಲೆ, ಒಂದು ಅಕ್ಕಿ ವ್ಯಾಪಾರದಲ್ಲಿ. 1951ರ ಮಾತು. ಗೋವಾ ಆಗಿನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿ ಅಕ್ಕಿಗೆ ಬರ. ಗೋವಾದ ಒಬ್ಬ ವ್ಯಾಪಾರಿ ಬೊಂಬಾಯಿಯ ದಲ್ಲಾಳಿಗಳ ಮೂಲಕ ಅಕ್ಕಿ ಹುಡುಕುತ್ತಿದ್ದರು. ಕರಾಚಿಯಲ್ಲಿದ್ದ ಮುಬಾರಕ್ ಅಲಿ ಅಹ್ಮದ್ ಎಂಬಾತ ಅಕ್ಕಿ ಕಳಿಸುತ್ತೇನೆ ಎಂದ. ಮಾತುಕತೆ ನಡೆದದ್ದೆಲ್ಲ ಪತ್ರ, ತಂತಿ ಮತ್ತು ಟ್ರಂಕ್ ಕಾಲ್‌ಗಳಲ್ಲಿ. ಸರಕು ಸಿದ್ಧವಿದೆ, ಹಡಗಿನಲ್ಲಿ ಜಾಗವನ್ನೂ ಕಾದಿರಿಸಿದ್ದೇನೆ ಎಂದು ನಂಬಿಸಿದ. ಬೊಂಬಾಯಿಯಲ್ಲಿ ಕಂತುಕಂತಾಗಿ ಸುಮಾರು ಐದೂವರೆ ಲಕ್ಷ ರೂಪಾಯಿ ಪಾವತಿಯಾಯಿತು. ಆ ಕಾಲಕ್ಕೆ ಅದು ಭಾರೀ ಮೊತ್ತ. ಅಕ್ಕಿ ಮಾತ್ರ ಬರಲೇ ಇಲ್ಲ.

ಬೇರೊಂದು ಪ್ರಕರಣದಲ್ಲಿ ಆತನನ್ನು ಇಂಗ್ಲೆಂಡಿನಿಂದ ಭಾರತಕ್ಕೆ ಕರೆತಂದಾಗ ಈ ಕೇಸೂ ಹೂಡಿದರು. ಬೊಂಬಾಯಿಯ ಮ್ಯಾಜಿಸ್ಟ್ರೇಟ್ ಕೋರ್ಟು ಆತ ತಪ್ಪಿತಸ್ಥ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆತನ ವಾದ ಇಷ್ಟು: ನಾನು ಪಾಕಿಸ್ತಾನದ ಪ್ರಜೆ. ಇದೆಲ್ಲ ನಡೆದಾಗ ನಾನು ಬೊಂಬಾಯಿಗೆ ಕಾಲಿಟ್ಟೇ ಇಲ್ಲ, ಕರಾಚಿಯಲ್ಲೇ ಇದ್ದೆ. ಬೊಂಬಾಯಿಯಲ್ಲಿ ನಾನು ಹೇಗೆ ಅಪರಾಧ ಮಾಡಿದಂತಾಗುತ್ತದೆ?

1957ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಸುಳ್ಳು ಮಾತು ತಲುಪಿದ್ದು ಬೊಂಬಾಯಿಗೆ. ಅದನ್ನು ನಂಬಿ ಹಣ ಬಿಟ್ಟುಕೊಟ್ಟದ್ದು ಬೊಂಬಾಯಿಯಲ್ಲಿ. ವಂಚನೆಗೆ ಬೇಕಾದ ಅಂಶಗಳೆಲ್ಲ ಅಲ್ಲೇ ಇವೆ. ಆದ್ದರಿಂದ ಆರೋಪಿಯ ದೇಹ ಎಲ್ಲಿತ್ತು ಎಂಬುದು ಮುಖ್ಯವಲ್ಲ, ಅಪರಾಧ ನಡೆದದ್ದು ಬೊಂಬಾಯಿಯಲ್ಲೇ ಎಂದು ತೀರ್ಪು ಕೊಟ್ಟಿತು.

ಇಂದು ಯಾರೋ ದೂರದ ಊರಿನಿಂದ ಫೋನ್ ಮಾಡಿ, ಒಟಿಪಿ ಕೇಳಿ, ನಮ್ಮ ಖಾತೆ ಖಾಲಿ ಮಾಡುತ್ತಾರಲ್ಲ, ಅದಕ್ಕೂ ಈ ತೀರ್ಪಿನ ತರ್ಕವೇ ಅನ್ವಯಿಸುತ್ತದೆ. 1973ರ ಸಂಹಿತೆಯ 182ನೇ ಕಲಮು ಇದನ್ನೇ ಬರಹಕ್ಕೆ ಇಳಿಸಿತು: ಪತ್ರ ಅಥವಾ ದೂರಸಂಪರ್ಕದ ಮೂಲಕ ವಂಚನೆಯಾದರೆ, ಸಂದೇಶ ಕಳಿಸಿದ ಊರಿನಲ್ಲೂ ಕೇಸು ನಡೆಸಬಹುದು, ಸಂದೇಶ ತಲುಪಿದ ಊರಿನಲ್ಲೂ ನಡೆಸಬಹುದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 202ನೇ ಕಲಮಿನಲ್ಲಿ ಎಲೆಕ್ಟ್ರಾನಿಕ್ ಸಂದೇಶವೂ ಸೇರಿದೆ. ಅಂದರೆ ಮೋಸ ಹೋದವರ ಊರಿನ ಕೋರ್ಟಿಗೂ ಅಧಿಕಾರ ಉಂಟು.

ಸಾಮಾನ್ಯ ಕೋರ್ಟು ಬೇರೆ, ವಿಶೇಷ ಕೋರ್ಟು ಬೇರೆ

ಇದು ಸಾಮಾನ್ಯ ಕೋರ್ಟುಗಳ ಕಥೆ. ಇದರ ಪಕ್ಕದಲ್ಲೇ ಇನ್ನೊಂದು ದಾರಿ ಬೆಳೆಯುತ್ತಾ ಬಂತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸೇನೆಗಾಗಿ ಕೋಟಿಗಟ್ಟಲೆ ಖರ್ಚು ಮಾಡಿತು. ಗುತ್ತಿಗೆಯಲ್ಲಿ ಲಂಚ, ಸುಳ್ಳು ಬಿಲ್ಲು ಹೆಚ್ಚಾದವು. 1943ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಇಂಥ ಕೇಸುಗಳಿಗೆಂದೇ ವಿಶೇಷ ನ್ಯಾಯಮಂಡಳಿಗಳನ್ನು ಮಾಡಿದರು. ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು, 1947ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ಬಂದಿತ್ತು, ಆದರೆ ಕೇಸುಗಳು ಕುಂಟುತ್ತಿದ್ದವು. 1952ರಲ್ಲಿ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ ತಂದು ‘ವಿಶೇಷ ನ್ಯಾಯಾಧೀಶರ’ ನೇಮಕಕ್ಕೆ ಅವಕಾಶ ಮಾಡಿದರು. ಸರ್ಕಾರಿ ನೌಕರರ ಲಂಚದ ಕೇಸುಗಳನ್ನು ಇನ್ನು ಮುಂದೆ ಅವರೇ ನಡೆಸಬೇಕು, ಬೇರೆ ಯಾರೂ ನಡೆಸುವಂತಿಲ್ಲ. ಊರಿನ ನಿಯಮ ಅಲ್ಲೂ ಇತ್ತು: ಅಪರಾಧ ನಡೆದ ಪ್ರದೇಶಕ್ಕೆ ನೇಮಕವಾದ ವಿಶೇಷ ನ್ಯಾಯಾಧೀಶರೇ ವಿಚಾರಣೆ ಮಾಡಬೇಕು.

ಯಾವ ಕೇಸನ್ನಾದರೂ ವಿಶೇಷ ಕೋರ್ಟಿಗೆ ಹಾಕಬಹುದೇ? ಈ ಪ್ರಶ್ನೆಗೂ ಅದೇ ವರ್ಷ ಉತ್ತರ ಬಂತು. ಪಶ್ಚಿಮ ಬಂಗಾಳ 1950ರಲ್ಲಿ ಮಾಡಿದ ವಿಶೇಷ ಕೋರ್ಟುಗಳ ಕಾಯ್ದೆ, ಸರ್ಕಾರ ತನಗೆ ಬೇಕಾದ ಕೇಸನ್ನು ಅಲ್ಲಿಗೆ ಕಳಿಸಲು ಬಿಟ್ಟಿತ್ತು. 1952ರಲ್ಲಿ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಒಂದೇ ಬಗೆಯ ಅಪರಾಧಕ್ಕೆ ಇಬ್ಬರಿಗೆ ಎರಡು ಬಗೆಯ ಕೋರ್ಟು ಎಂದರೆ ಸಮಾನತೆ ಎಲ್ಲಿ ಉಳಿಯಿತು? ಮರುವರ್ಷ, ಅಪರಾಧಗಳ ಪಟ್ಟಿ ಕೊಟ್ಟಿದ್ದ ಬಂಗಾಳದ 1949ರ ಇನ್ನೊಂದು ಕಾಯ್ದೆಯನ್ನು ಕೋರ್ಟು ಎತ್ತಿ ಹಿಡಿಯಿತು. ವಿಶೇಷ ಕೋರ್ಟು ಇರಬಹುದು, ಆದರೆ ಅದು ಅಪರಾಧದ ಬಗೆಯನ್ನು ನೋಡಿ ಇರಬೇಕು, ಸರ್ಕಾರ ಆಳನ್ನು ನೋಡಿ ಆರಿಸುವಂತಿರಬಾರದು. ಇದು ಅಂದಿನಿಂದ ಉಳಿದ ತತ್ವ.

ಊರು ತಪ್ಪಿದರೆ ಒಂದು, ಕೋರ್ಟಿನ ಬಗೆ ತಪ್ಪಿದರೆ ಇನ್ನೊಂದು

ಸಾಮಾನ್ಯ ಕೋರ್ಟುಗಳಲ್ಲಿ ಊರಿನ ವಿಷಯದಲ್ಲಿ ತಪ್ಪಾದರೆ ಕಾನೂನು ಉದಾರವಾಗಿರುತ್ತದೆ. ಧಾರವಾಡದಲ್ಲಿ ನಡೆಯಬೇಕಾದ ಕೇಸು ಗದಗದಲ್ಲಿ ನಡೆದುಹೋಯಿತು ಎಂದುಕೊಳ್ಳಿ. ಅಷ್ಟೇ ಕಾರಣಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ. ಅದರಿಂದ ನಿಜವಾಗಿ ಅನ್ಯಾಯವಾಗಿದೆ ಎಂದು ತೋರಿಸಬೇಕು. ಆದರೆ ವಿಶೇಷ ಕೋರ್ಟಿಗೇ ಸೇರಬೇಕಾದ ಕೇಸು ಬೇರೆ ಕೋರ್ಟಿನಲ್ಲಿ ನಡೆದರೆ ಕಥೆ ಬೇರೆ. ಇದನ್ನು ಅರ್ಥ ಮಾಡಿಸಿದ್ದು ಅಂತುಲೆ ಪ್ರಕರಣ.

ಎ.ಆರ್. ಅಂತುಲೆ 1980ರಿಂದ 1982ರ ಜನವರಿವರೆಗೆ ಮಹಾರಾಷ್ಟ್ರದ ಮುಖ್ಯಮಂತ್ರಿ. ಆಗ ಸಿಮೆಂಟಿಗೆ ಕೋಟಾ ಇತ್ತು. ಸಿಮೆಂಟು ಮಂಜೂರು ಮಾಡಲು ತಮ್ಮ ಟ್ರಸ್ಟುಗಳಿಗೆ ದೇಣಿಗೆ ಪಡೆದರು ಎಂಬ ಆರೋಪ ಅವರ ಮೇಲೆ ಬಂತು. ಆರೋಪದ ಸರಿ ತಪ್ಪು ಇಲ್ಲಿ ನಮ್ಮ ವಿಷಯವಲ್ಲ. ಕೇಸು ವಿಶೇಷ ನ್ಯಾಯಾಧೀಶರ ಮುಂದಿತ್ತು. ಬೇಗ ಮುಗಿಯಲಿ ಎಂದು 1984ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟೇ ಅದನ್ನು ಬಾಂಬೆ ಹೈಕೋರ್ಟಿಗೆ ವರ್ಗಾಯಿಸಿತು. ಮೇಲಿನ ಕೋರ್ಟಿಗೆ ಹೋದರೆ ಒಳ್ಳೆಯದೇ ಅಲ್ಲವೇ ಎಂದು ಅನ್ನಿಸಬಹುದು.

ನಾಲ್ಕು ವರ್ಷದ ಮೇಲೆ, 1988ರ ಏಪ್ರಿಲ್ 29ರಂದು, ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತನ್ನದೇ ಆದೇಶ ತಪ್ಪು ಎಂದು ಹಿಂದಕ್ಕೆ ಪಡೆಯಿತು. 1952ರ ಕಾಯ್ದೆ ‘ವಿಶೇಷ ನ್ಯಾಯಾಧೀಶರೇ’ ಎಂದ ಮೇಲೆ ಇನ್ನಾರೂ ನಡೆಸುವಂತಿಲ್ಲ. ಹೈಕೋರ್ಟಿನಲ್ಲೇ ವಿಚಾರಣೆ ನಡೆದರೆ ಆರೋಪಿ ಹೈಕೋರ್ಟಿಗೆ ಮೇಲ್ಮನವಿ ಹಾಕುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಕೋರ್ಟು ತನ್ನ ಮಾತಿನಿಂದ ಇಲ್ಲದ ಅಧಿಕಾರವನ್ನು ಸೃಷ್ಟಿಸುವಂತಿಲ್ಲ. ಅದೇ ವರ್ಷ ಹೊಸ ಭ್ರಷ್ಟಾಚಾರ ತಡೆ ಕಾಯ್ದೆ ಬಂತು. ಅದೂ ವಿಶೇಷ ನ್ಯಾಯಾಧೀಶರ ಪದ್ಧತಿಯನ್ನೇ ಮುಂದುವರಿಸಿತು.

ಚೆನ್ನೈನ ಕೇಸು ಬೆಂಗಳೂರಿಗೆ ಬಂದದ್ದು

ಹಾಗಾದರೆ ವಿಶೇಷ ಕೋರ್ಟಿನ ಕೇಸಿನ ಊರು ಬದಲಾಗುವುದೇ ಇಲ್ಲವೇ? ಬದಲಾಗುತ್ತದೆ. ನಮ್ಮ ರಾಜ್ಯವೇ ಅದಕ್ಕೆ ಸಾಕ್ಷಿ. ಜಯಲಲಿತಾ ಅವರು 1991ರಿಂದ 1996ರವರೆಗೆ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದಾಗ ಆದಾಯಕ್ಕೆ ಮೀರಿ ಆಸ್ತಿ ಮಾಡಿದರು ಎಂಬ ಕೇಸು ಚೆನ್ನೈನ ವಿಶೇಷ ಕೋರ್ಟಿನಲ್ಲಿ ನಡೆಯುತ್ತಿತ್ತು. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದರು. ಸಾಕ್ಷಿಗಳನ್ನು ಮತ್ತೆ ಕರೆಸಿದಾಗ ಹಲವರು ಮೊದಲು ಹೇಳಿದ್ದನ್ನು ಅಲ್ಲಗಳೆದರು.

2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟು ಆ ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿತು. ಒಂದು ರಾಜ್ಯದ ಕ್ರಿಮಿನಲ್ ಕೇಸನ್ನು ಇನ್ನೊಂದು ರಾಜ್ಯಕ್ಕೆ ಕಳಿಸುವ ಅಧಿಕಾರ ಸುಪ್ರೀಂ ಕೋರ್ಟಿಗಿದೆ. ಅಂತುಲೆ ಪ್ರಕರಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಊರು ಬದಲಾಯಿತು, ಕೋರ್ಟಿನ ಬಗೆ ಬದಲಾಗಲಿಲ್ಲ. ಚೆನ್ನೈನಲ್ಲೂ ವಿಶೇಷ ಕೋರ್ಟು, ಬೆಂಗಳೂರಿನಲ್ಲೂ ವಿಶೇಷ ಕೋರ್ಟು.

2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕಲ್ ಕುನ್ಹ ತೀರ್ಪು ಕೊಟ್ಟರು: ನಾಲ್ಕು ವರ್ಷ ಸಜೆ, 100 ಕೋಟಿ ರೂಪಾಯಿ ದಂಡ. ಮೇಲ್ಮನವಿ ಕರ್ನಾಟಕ ಹೈಕೋರ್ಟಿಗೆ ಬಂದಾಗ ತಮಿಳುನಾಡು ಸರ್ಕಾರ ನೇಮಿಸಿದ ವಕೀಲರು ವಾದಿಸಿದರು. 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದು ಸಲ್ಲದು ಎಂದಿತು. ಕೇಸು ಕರ್ನಾಟಕಕ್ಕೆ ಬಂದ ಮೇಲೆ ಸರ್ಕಾರಿ ವಕೀಲರನ್ನು ನೇಮಿಸುವ ಅಧಿಕಾರವೂ ಕರ್ನಾಟಕದ್ದೇ. ಅದೇ ಮೇ 11ರಂದು ಹೈಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಬೆಂಗಳೂರಿನ ವಿಶೇಷ ಕೋರ್ಟಿನ ತೀರ್ಪನ್ನೇ ಎತ್ತಿ ಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಉಳಿದ ಮೂವರು ಜೈಲಿಗೆ ಹೋದರು.

ಮಾಜಿ ಮುಖ್ಯಮಂತ್ರಿಯ ಕೇಸಿನಲ್ಲೇ ಕೋರ್ಟಿನ ಊರು ಇಷ್ಟು ಮುಖ್ಯವಾಯಿತು ಎಂದರೆ, ಬಸ್ ಚಾರ್ಜಿಗೂ ಲೆಕ್ಕ ಹಾಕುವವರ ಕೇಸಿನಲ್ಲಿ ಅದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಚೆಕ್ಕಿನ ಊರು ಮೂರು ಸಲ ಬದಲಾಯಿತು

ಈಗ ನಮ್ಮ ನಿಮ್ಮ ಮನೆಯ ವಿಷಯಕ್ಕೆ ಬರೋಣ. ಚೆಕ್ ಬೌನ್ಸ್ ಅಪರಾಧವಾದದ್ದು 1989ರ ಏಪ್ರಿಲ್ 1ರಿಂದ. ಇದನ್ನು ನಡೆಸುವುದು ಸಾಮಾನ್ಯ ಮ್ಯಾಜಿಸ್ಟ್ರೇಟ್ ಕೋರ್ಟು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿಯ ರೈತರೊಬ್ಬರು ಮೆಕ್ಕೆಜೋಳ ಮಾರಿದರು. ತಮಿಳುನಾಡಿನ ನಾಮಕ್ಕಲ್‌ನ ವ್ಯಾಪಾರಿ ಅಲ್ಲಿನ ಬ್ಯಾಂಕಿನ ಚೆಕ್ ಕೊಟ್ಟ. ಚೆಕ್ ಬೌನ್ಸ್ ಆಯಿತು. ರೈತರು ಕೇಸು ಹಾಕಬೇಕಾದದ್ದು ಎಲ್ಲಿ?

1999ರಲ್ಲಿ ಭಾಸ್ಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಚೆಕ್ ಬರೆದದ್ದು, ಬ್ಯಾಂಕಿಗೆ ಹಾಕಿದ್ದು, ಹಣವಿಲ್ಲದೆ ವಾಪಸಾದದ್ದು, ನೋಟಿಸ್ ಕೊಟ್ಟದ್ದು, ನೋಟಿಸಿನ ನಂತರವೂ ಹಣ ಕೊಡದೆ ಇದ್ದದ್ದು, ಈ ಐದೂ ಸೇರಿದರೆ ಅಪರಾಧ. ಈ ಐದರಲ್ಲಿ ಯಾವುದು ಎಲ್ಲಿ ನಡೆದರೂ ಅಲ್ಲಿ ಕೇಸು ಹಾಕಬಹುದು. ನಮ್ಮ ರೈತರಿಗೆ ಹಾವೇರಿಯ ಬಾಗಿಲು ತೆರೆಯಿತು. ಆದರೆ ಅದೇ ಬಾಗಿಲಿನಲ್ಲಿ ದೊಡ್ಡ ಕಂಪನಿಗಳೂ ನುಗ್ಗಿದವು. ದೂರದ ಮಹಾನಗರದಿಂದ ನೋಟಿಸ್ ಕಳಿಸಿ, ನೋಟಿಸ್ ಇಲ್ಲಿಂದ ಹೋಗಿದೆ ಎಂಬ ಕಾರಣಕ್ಕೇ ಅಲ್ಲಿ ಕೇಸು ಹಾಕುವುದು ರೂಢಿಯಾಯಿತು. 2008ರಲ್ಲಿ ಸುಪ್ರೀಂ ಕೋರ್ಟು ನೋಟಿಸ್ ಕಳಿಸಿದ ಮಾತ್ರಕ್ಕೆ ಆ ಊರಿಗೆ ಅಧಿಕಾರ ಬರುವುದಿಲ್ಲ ಎಂದಿತು.

2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ ಕೋರ್ಟು ಪೂರ್ತಿ ತಿರುಗಿತು. ಚೆಕ್ ಬರೆದವನ ಬ್ಯಾಂಕು ಎಲ್ಲಿದೆಯೋ ಅಲ್ಲಿ ಮಾತ್ರ ಕೇಸು. ಚೆಕ್ ಕೊಟ್ಟವರಿಗೆ ನೆಮ್ಮದಿ. ಆದರೆ ನಮ್ಮ ಮೆಕ್ಕೆಜೋಳದ ರೈತರು ನಾಮಕ್ಕಲ್‌ಗೆ ಅಲೆಯಬೇಕಾಯಿತು. ಒಂದು ವರ್ಷವೂ ಆಗಿರಲಿಲ್ಲ, 2015ರ ಜೂನ್ 15ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆಮೇಲೆ ಅದೇ ಕಾಯ್ದೆಯಾಯಿತು. ಈಗಿನ ನಿಯಮ: ಖಾತೆಯ ಮೂಲಕ ವಸೂಲಿಗೆ ಹಾಕಿದ ಚೆಕ್ಕಾದರೆ, ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆಯ ಊರಿನಲ್ಲಿ ಕೇಸು. ಚೆಕ್ಕನ್ನು ಬ್ಯಾಂಕಿನ ಬೇರೆ ಯಾವ ಶಾಖೆಯಲ್ಲಿ ಹಾಕಿದರೂ ಲೆಕ್ಕಕ್ಕೆ ಬರುವುದು ಖಾತೆ ಇರುವ ಶಾಖೆಯೇ.

ನಮ್ಮ ರೈತರು ಮತ್ತೆ ಹಾವೇರಿಗೆ ಬಂದರು. ಆದರೆ ಚೆಕ್ ಕೊಟ್ಟವರು ರೈತರೇ ಆಗಿದ್ದರೆ? ಸಾಲಕ್ಕೆ ಭದ್ರತೆ ಎಂದು ಖಾಲಿ ಚೆಕ್ಕಿಗೆ ಸಹಿ ಹಾಕಿದ್ದರೆ? ಆಗ ‘ಹಣ ಪಡೆಯಬೇಕಾದವರು’ ಎಂದರೆ ಫೈನಾನ್ಸ್ ಕಂಪನಿ ಅಥವಾ ಬ್ಯಾಂಕು. ಅವರ ಖಾತೆ ಎಲ್ಲಿದೆಯೋ ಅಲ್ಲಿ ಕೇಸು. ಸಾಲ ಪಡೆದವರ ಊರು ಲೆಕ್ಕಕ್ಕೆ ಬರುವುದಿಲ್ಲ. ಮೆಕ್ಕೆಜೋಳ ಮಾರಿದವರನ್ನು ಕಾಪಾಡುವ ನಿಯಮವೇ ಸಾಲ ಮಾಡಿದವರನ್ನು ದೂರಕ್ಕೆ ಎಳೆಯಬಲ್ಲದು. ಒಂದು ದಾರಿ ಉಳಿದಿದೆ: ಚೆಕ್ ಕೇಸನ್ನೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ತನಗಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಆದರೆ ಅದನ್ನು ಕೇಳಲು ದೆಹಲಿಗೆ ಹೋಗಬೇಕು.

ಸಾಮಾನ್ಯ ಕೇಸನ್ನು ಎಳೆದುಕೊಳ್ಳುವ ವಿಶೇಷ ಕೋರ್ಟು

ಕೊನೆಗೆ ಇ.ಡಿ. ಕೇಸುಗಳ ಮಾತು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2002ರದು, ಜಾರಿಗೆ ಬಂದದ್ದು 2005ರ ಜುಲೈ 1ರಂದು. ಇದಕ್ಕೂ ವಿಶೇಷ ಕೋರ್ಟುಗಳಿವೆ. ಈ ಕಾಯ್ದೆಯ ಕೇಸಿನ ಹಿಂದೆ ಯಾವಾಗಲೂ ಇನ್ನೊಂದು ಮೂಲ ಕೇಸು ಇರುತ್ತದೆ, ವಂಚನೆಯೋ ಲಂಚವೋ. ಮೂಲ ಕೇಸು ಒಂದು ಊರಿನ ಸಾಮಾನ್ಯ ಕೋರ್ಟಿನಲ್ಲಿ, ಹಣದ ಕೇಸು ಇನ್ನೊಂದು ಊರಿನ ವಿಶೇಷ ಕೋರ್ಟಿನಲ್ಲಿ ಇದ್ದರೆ ಯಾವುದು ಯಾವುದರ ಹಿಂದೆ ಹೋಗಬೇಕು?

2023ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಉತ್ತರ ಪ್ರದೇಶದ ಗಾಜಿಯಾಬಾದ್ ವಿಶೇಷ ಕೋರ್ಟಿನಲ್ಲಿ ಪತ್ರಕರ್ತೆಯೊಬ್ಬರ ಮೇಲೆ ಕೇಸಿತ್ತು. ನನ್ನ ಬ್ಯಾಂಕ್ ಖಾತೆ ನವಿ ಮುಂಬೈಯಲ್ಲಿದೆ, ಗಾಜಿಯಾಬಾದಿಗೆ ಅಧಿಕಾರವಿಲ್ಲ ಎಂಬುದು ಅವರ ವಾದ. ಕೋರ್ಟು ಹೇಳಿದ್ದಿಷ್ಟು: ಅಕ್ರಮ ಹಣವನ್ನು ಪಡೆಯುವುದು, ಇಟ್ಟುಕೊಳ್ಳುವುದು, ಬಚ್ಚಿಡುವುದು, ಬಳಸುವುದು, ಸಕ್ರಮವೆಂದು ತೋರಿಸುವುದು, ಹಾಗೆಂದು ಹೇಳಿಕೊಳ್ಳುವುದು, ಇವುಗಳಲ್ಲಿ ಯಾವುದಾದರೂ ನಡೆದ ಊರಿನ ವಿಶೇಷ ಕೋರ್ಟಿಗೆ ಅಧಿಕಾರವಿದೆ. ಎಲ್ಲಿ ನಡೆಯಿತು ಎಂಬುದನ್ನು ಸಾಕ್ಷ್ಯ ನೋಡಿ ವಿಚಾರಣಾ ಕೋರ್ಟೇ ತೀರ್ಮಾನಿಸಬೇಕು. ಮೂಲ ಕೇಸು ಹಣದ ಕೇಸಿನ ಹಿಂದೆ ಹೋಗಬೇಕು, ಹಣದ ಕೇಸು ಮೂಲ ಕೇಸಿನ ಹಿಂದೆ ಹೋಗಬೇಕಿಲ್ಲ.

ಅಂದರೆ ವಿಶೇಷ ಕೋರ್ಟು ಸಾಮಾನ್ಯ ಕೋರ್ಟಿನ ಕೇಸನ್ನೂ ತನ್ನ ಕಡೆ ಎಳೆದುಕೊಳ್ಳಬಲ್ಲದು. ಮೂಲ ಕೇಸಿನ ಫಿರ್ಯಾದಿಯೂ ಸಾಕ್ಷಿಗಳೂ ಅದರ ಹಿಂದೆ ಹೋಗಬೇಕಾಗುತ್ತದೆ.

ನಮಗೆ ಉಳಿಯುವುದೇನು?

1861ರಿಂದ ಇಲ್ಲಿಯವರೆಗೆ ಕಾನೂನು ಕೇಳುತ್ತಾ ಬಂದದ್ದು ಅಪರಾಧ ಎಲ್ಲಿ ನಡೆಯಿತು ಎಂದು. ಪ್ರತಿ ಉತ್ತರದ ಹಿಂದೆಯೂ ಇನ್ನೊಂದು ಪ್ರಶ್ನೆ ಇತ್ತು: ಯಾರು ಬಸ್ಸು ಹತ್ತಬೇಕು? ಮೋಸ ಹೋದವರೋ, ಆರೋಪ ಹೊತ್ತವರೋ? ಅಕ್ಕಿಯ ಕೇಸಿನಲ್ಲಿ ಮೋಸ ಹೋದವರ ಪರವಾಗಿ, 2014ರ ಚೆಕ್ ತೀರ್ಪಿನಲ್ಲಿ ಆರೋಪಿಯ ಪರವಾಗಿ, 2015ರಲ್ಲಿ ಮತ್ತೆ ಹಣ ಬರಬೇಕಾದವರ ಪರವಾಗಿ ಉತ್ತರ ಬಂತು. ಇಬ್ಬರಲ್ಲಿ ಬಡವರು ಯಾರು ಎಂದು ಮಾತ್ರ ಈ ನಿಯಮಗಳು ಕೇಳಿಲ್ಲ.

ಆದ್ದರಿಂದ ಕೆಲವು ಕೆಲಸ ನಾವೇ ಮಾಡಿಕೊಳ್ಳಬೇಕು. ಸಾಲಕ್ಕೆ ಚೆಕ್ ಕೊಡುವಾಗ ಅದನ್ನು ಯಾವ ಊರಿನ ಖಾತೆಗೆ ಹಾಕುತ್ತಾರೆ ಎಂದು ಕೇಳಿ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ನಿಮಗೆ ಬಂದ ಚೆಕ್ ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ಫೋನಿನಲ್ಲಿ ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಿ. ಠಾಣೆಯಲ್ಲಿ ‘ನಮ್ಮ ಸರಹದ್ದಿಗೆ ಬರಲ್ಲ’ ಎಂದರೆ, ಹೊಸ ಸಂಹಿತೆಯ 173ನೇ ಕಲಮಿನ ಹೆಸರು ಹೇಳಿ. ಅಪರಾಧ ಎಲ್ಲೇ ನಡೆದಿರಲಿ, ಠಾಣೆ ಮಾಹಿತಿ ದಾಖಲಿಸಿಕೊಳ್ಳಬೇಕು ಎನ್ನುತ್ತದೆ ಅದು.

ಕೋರ್ಟಿನ ಕಾಗದ ಮನೆಗೆ ಬಂದರೆ ಹೆದರಿ ಬೀರುವಿನಲ್ಲಿ ಇಡಬೇಡಿ. ಮೊದಲು ಮೇಲಿನ ಸಾಲು ಓದಿ. ಯಾವ ಊರಿನ ಕೋರ್ಟು, ಯಾವ ಬಗೆಯ ಕೋರ್ಟು, ತಾರೀಕು ಯಾವಾಗ, ಮೂರನ್ನೂ ಬರೆದುಕೊಂಡು ಅದೇ ವಾರ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ಕೋರ್ಟಿನ ಅಧಿಕಾರವನ್ನು ಪ್ರಶ್ನಿಸುವುದಿದ್ದರೆ ಮೊದಲ ತಾರೀಕಿನಿಂದಲೇ ಪ್ರಶ್ನಿಸಬೇಕು. ತೀರ್ಪು ಬಂದ ಮೇಲೆ ಊರು ತಪ್ಪಾಗಿತ್ತು ಎಂದರೆ ಕೇಳುವವರು ಕಡಿಮೆ.